ಪಟ್ಟಿಯಲ್ಲಿ ಉಳಿದ ಊರು

ಮೈಕೆನ್ ಬ್ರೋಗೋರ್ ಹೊಟ್ಟೆಪಾಡಿಗೆ ಏನು ಮಾಡುತ್ತಾಳೆ ಎಂಬುದು ಅವಳ ನೆಂಟರಿಷ್ಟರಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಅವಳ ಚಿಕ್ಕಪ್ಪ ಬಾತುಕೋಳಿಯ ತೊಡೆ ಕೈಯಲ್ಲಿ ಹಿಡಿದೇ ವಿಚಾರಣೆ ಶುರು ಮಾಡುತ್ತಿದ್ದ.

"ಜಾಹೀರಾತು ಬರೆಯೋದು ನೀನೇನಾ?"

"ಅಲ್ಲ."

"ಹಾಗಾದ್ರೆ ಮಾರ್ತೀಯ."

"ಮಾರೋದೂ ಇಲ್ಲ. ಜಾಹೀರಾತಿಗೆ ಜಾಗ ಕೊಳ್ಳೋ ಯಂತ್ರ ಒಂದಿದೆ. ಎಲ್ಲೆಲ್ಲಿ ಕೊಳ್ಳಬಾರದು ಅಂತ ಅದಕ್ಕೆ ಹೇಳ್ತೀನಿ."

"ಬೇಡ ಬೇಡ ಅನ್ನೋಕೂ ಸಂಬಳ ಕೊಡ್ತಾರಾ? ನಿನ್ನ ಚಿಕ್ಕಮ್ಮ ನಲವತ್ತು ವರ್ಷದಿಂದ ಬಿಟ್ಟಿ ಮಾಡ್ತಿದಾಳಲ್ಲೇ!"

ಮೇಜಿನವರೆಲ್ಲ ನಗುತ್ತಿದ್ದರು, ಮೈಕೆನ್ ಕೂಡ. ತಮಾಷೆಯಾದರೂ ಮುದುಕನ ಮಾತು ನಿಜವೇ. ಕೋಪನ್‌ಹೇಗನ್‌ನ ದೊಡ್ಡ ಜಾಹೀರಾತು ಕಂಪನಿಯೊಂದರಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ 'ಬೇಡ' ಹೇಳುವವಳು.

ಆ ಲೋಕದ ವ್ಯವಹಾರ ಇಷ್ಟೇ. ಯಾರೋ ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಪತ್ರಿಕೆ ತೆರೆಯುತ್ತಾರೆ. ಪುಟ ಪೂರ್ತಿ ಮೂಡುವ ಮೊದಲೇ ಅದರಲ್ಲಿರುವ ಖಾಲಿ ಚೌಕ ಹರಾಜಿಗೆ ಹೋಗುತ್ತದೆ. ಪತ್ರಿಕೆಯ ಕಡೆಯ ಯಂತ್ರ ಕೂಗುತ್ತದೆ: ಇಲ್ಲೊಂದು ಜಾಗವಿದೆ, ಇಂಥ ಪುಟ, ಇಂಥ ಓದುಗ, ಯಾರಿಗೆ ಬೇಕು? ಜಾಹೀರಾತುದಾರರ ಕಡೆಯ ನೂರಾರು ಯಂತ್ರಗಳು ಬೆಲೆ ಕೂಗುತ್ತವೆ. ಹೆಚ್ಚು ಕೂಗಿದವರ ಶಾಂಪೂವೋ ಸೋಫಾವೋ ಆ ಚೌಕದಲ್ಲಿ ಬಂದು ಕೂರುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ. ಮಾರುವವನು ಕೊಳ್ಳುವವನ ಮುಖ ನೋಡುವುದಿಲ್ಲ, ಕೊಳ್ಳುವವನಿಗೆ ತಾನು ಯಾವ ಊರಿನ ಯಾವ ಪತ್ರಿಕೆಯಲ್ಲಿದ್ದೇನೆ ಎಂಬುದೂ ತಿಳಿದಿರುವುದಿಲ್ಲ. ಹಾಗಾಗಿ ಕೊಳ್ಳುವ ಯಂತ್ರಕ್ಕೆ ಮುಂಚೆಯೇ ಒಂದು ಪಟ್ಟಿ ಕೊಟ್ಟಿರುತ್ತಾರೆ. ಪುಟದಲ್ಲಿ ಈ ಪದ ಕಂಡರೆ ಬಾಯಿ ಬಿಡಬೇಡ ಎಂದು. ಕೊಲೆ, ಅತ್ಯಾಚಾರ, ಬಾಂಬು. ಆ ತಡೆಪಟ್ಟಿಯ ಯಜಮಾನಿ ಮೈಕೆನ್. ಯಂತ್ರವೋ, ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯದು. ಯಾಕೆ ಎಂದು ಕೇಳುವುದಿಲ್ಲ, ಎಷ್ಟು ದಿನ ಎಂದೂ ಕೇಳುವುದಿಲ್ಲ.

ಅವಳು ಹುಟ್ಟಿದ್ದು ಪಶ್ಚಿಮ ಕರಾವಳಿಯ ಲುಂಡೆವಿಗ್‌ನಲ್ಲಿ. ನಾಲ್ಕು ಸಾವಿರ ಜನ, ಒಂದು ಮೀನು ಬಂದರು, ಮೀನಿನ ಹಿಟ್ಟು ಮಾಡುವ ಒಂದು ಕಾರ್ಖಾನೆ, 'ಲುಂಡೆವಿಗ್ ಅವೀಸ್' ಎಂಬ ಒಂದು ಪತ್ರಿಕೆ. ಶಾಲೆ ಮುಗಿಸಿದ ಎರಡು ಬೇಸಿಗೆ ಅವಳು ಅದೇ ಪತ್ರಿಕೆಯಲ್ಲಿ ಫೋನಿನ ಮುಂದೆ ಕುಳಿತು ಸಣ್ಣ ಜಾಹೀರಾತು ಬರೆದುಕೊಳ್ಳುತ್ತಿದ್ದಳು. ಸೈಕಲ್ಲು ಮಾರಾಟಕ್ಕಿದೆ, ಬೆಕ್ಕು ಕಳೆದಿದೆ. ಸಂಪಾದಕ ಆಸ್ಗರ್ ವಿಂಥರ್ ಅವಳ ಬೆನ್ನ ಹಿಂದೆ ನಿಂತು, "ಪದಕ್ಕೆ ಇಷ್ಟು ಅಂತ ದುಡ್ಡು ಕೊಡೋರು ಅವರು. 'ಮುದ್ದಾದ' ತೆಗಿ. ಕಳೆದ ಬೆಕ್ಕು ಎಲ್ಲಾ ಮುದ್ದಾದದ್ದೇ," ಎಂದು ಹೇಳಿಕೊಟ್ಟಿದ್ದ. ಬೇಡದ ಪದ ಯಾವುದು ಎಂದು ಗುರುತಿಸುವ ವಿದ್ಯೆ ಅವಳಿಗೆ ಬಂದದ್ದು ಅವನಿಂದಲೇ.

ಆರು ವರ್ಷದ ಹಿಂದೆ, ಜುಲೈ ಮೊದಲ ವಾರ, ಆ ಕಾರ್ಖಾನೆಗೆ ಬೆಂಕಿ ಬಿತ್ತು. ಹನ್ನೊಂದು ಜನ ಸತ್ತರು. ಅವರಲ್ಲಿ ಎಸ್ಕಿಲ್ ಎಂಬ ಇಪ್ಪತ್ತನಾಲ್ಕರ ಹುಡುಗನೂ ಒಬ್ಬ. ಮೈಕೆನ್‌ಳ ತಾಯಿಯ ಪಕ್ಕದ ಮನೆಯ ಬೊಡಿಲ್‌ಳ ಒಬ್ಬನೇ ಮಗ. ದೇಶದ ಪತ್ರಿಕೆಗಳೆಲ್ಲ ಒಂದು ವಾರ ಲುಂಡೆವಿಗ್, ಲುಂಡೆವಿಗ್ ಎಂದೇ ಬರೆದವು. ಶುಕ್ರವಾರ ಮಧ್ಯಾಹ್ನ, ಕಂಪನಿಯ ದೊಡ್ಡ ಗಿರಾಕಿಯ ಕಡೆಯಿಂದ ಫೋನು ಬಂತು. ಅವನದು ಅಂಗಳದಲ್ಲಿ ಮಾಂಸ ಸುಡುವ ಇದ್ದಿಲಿನ ವ್ಯಾಪಾರ. ಉರಿಯುವ ಕಾರ್ಖಾನೆಯ ಚಿತ್ರದ ಪಕ್ಕದಲ್ಲೇ ಅವನ ಇದ್ದಿಲು ನಗುತ್ತಾ ಕುಳಿತಿತ್ತು.

ಮೈಕೆನ್‌ಳ ಮೇಲಧಿಕಾರಿ ಸಿದ್ಸೆಲ್ ಕೋಟು ಹಾಕಿಕೊಂಡೇ ಓಡಿಬಂದಳು. ರಜೆಗೆ ಹೊರಟ ಅವಳ ಕಾರು ಸಂಸಾರ ಸಮೇತ ಕೆಳಗೆ ನಿಂತಿತ್ತು.

"ಏನಾದ್ರೂ ಮಾಡು, ಈಗಲೇ ಮಾಡು. ನಾಳೆ ಇನ್ನೊಬ್ಬ ಗಿರಾಕಿ ಹೀಗೇ ಕೂಗಾಡಿದ್ರೆ ಎತ್ತೋಕೆ ಯಾರಿರ್ತಾರೆ ಇಲ್ಲಿ?"

ಯಾರೂ ಇರುವುದಿಲ್ಲ. ಜುಲೈ ಬಂದರೆ ಡೆನ್ಮಾರ್ಕ್ ದೇಶವೇ ಬಾಗಿಲು ಹಾಕಿಕೊಂಡು ರಜೆ ಹೋಗುತ್ತದೆ. ಮೈಕೆನ್ ಪಟ್ಟಿಗೆ 'ಬೆಂಕಿ' ಸೇರಿಸಿದಳು, 'ಹೊಗೆ' ಸೇರಿಸಿದಳು, 'ಶವ' ಮೊದಲೇ ಇತ್ತು. ಆದರೂ ಇದ್ದಿಲು ಅಲ್ಲಲ್ಲಿ ಇಣುಕುತ್ತಿತ್ತು. ಕೆಲವು ಪತ್ರಿಕೆಗಳು ಬೆಂಕಿಯ ಮಾತೇ ಎತ್ತದೆ ಊರಿನ ಹೆಸರೊಂದನ್ನೇ ಬರೆಯುತ್ತಿದ್ದವು. ಆಗ ಅವಳು 'ಲುಂಡೆವಿಗ್' ಎಂದು ಒತ್ತಿದಳು. ಒಬ್ಬ ಗಿರಾಕಿಗೆ ಮಾತ್ರವಲ್ಲ, ಎಲ್ಲರಿಗೂ, ಮುಂದೆ ಬರುವವರಿಗೂ ಅನ್ವಯವಾಗುವ ತಾಯಿಪಟ್ಟಿಗೇ ಹಾಕಿದಳು. ಪಕ್ಕದಲ್ಲಿ, "ತಾತ್ಕಾಲಿಕ. ರಜೆ ಮುಗಿದ ಮೇಲೆ ನೋಡುವುದು," ಎಂದು ಬರೆದಳು. ಹುಟ್ಟಿದ ಊರಿನ ಹೆಸರು ಒತ್ತುವಾಗ ಅವಳು ಹಿಂದೆಮುಂದೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಸ್ವೀಡನ್ನಿನ ಕಾಡಿನಲ್ಲಿ ಮೂರು ವಾರದ ರಜೆ. ನಡುವೆ ಒಂದು ದಿನ ಊರಿಗೆ ಹೋಗಿ ಎಸ್ಕಿಲ್‌ನ ಅಂತ್ಯಸಂಸ್ಕಾರದಲ್ಲಿ ನಿಂತಳು, ಬೊಡಿಲ್‌ಳನ್ನು ತಬ್ಬಿಕೊಂಡು ಅತ್ತಳು. ಆಗಲೂ ಪಟ್ಟಿ ನೆನಪಾಗಲಿಲ್ಲ. ರಜೆಯಿಂದ ಬಂದಾಗ ಸಾವಿರ ಮೇಲ್ ಕಾಯುತ್ತಿದ್ದವು. ಮರೆತಳು.

ಮರೆತದ್ದನ್ನು ದೇವರೂ ಕ್ಷಮಿಸಿಯಾನು. ಆದರೆ ಮೂರು ವರ್ಷದ ಮೇಲೆ ಪಟ್ಟಿ ಶುಚಿ ಮಾಡಲು ಕುಳಿತಾಗ ಆ ಹೆಸರು ಅವಳ ಕಣ್ಣಿಗೆ ಬಿತ್ತು. ತಾನೇ ಬರೆದ 'ತಾತ್ಕಾಲಿಕ'ವೂ ಪಕ್ಕದಲ್ಲೇ ಇತ್ತು. ಪಟ್ಟಿಗೆ ಪದ ಹಾಕಲು ಯಾರ ಸಹಿಯೂ ಬೇಡ, ತೆಗೆಯಲು ಎಲ್ಲರ ಒಪ್ಪಿಗೆ ಬೇಕು ಎಂಬುದು ಆ ಕಚೇರಿಯ ಕಟ್ಟಳೆ. ಹಾಕಿದ ಪದದಿಂದ ಯಾರ ಕೆಲಸವೂ ಹೋದದ್ದಿಲ್ಲ, ತೆಗೆದ ಪದದಿಂದ ಹೋಗಬಹುದು. ನಲವತ್ತು ಗಿರಾಕಿಗಳಿಗೆ ಕಾಗದ ಬರೆಯಬೇಕು, ಮೂರು ವರ್ಷ ಯಾಕೆ ಇತ್ತು ಎಂದು ಹೇಳಬೇಕು. ಅವತ್ತು ಶುಕ್ರವಾರ. ಕಚೇರಿಯ ಅಡುಗೆಮನೆಯಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು, ಎಲ್ಲರೂ ಕರೆಯುತ್ತಿದ್ದರು. ಮೈಕೆನ್ ಕಡತ ಮುಚ್ಚಿ ಬನ್ನು ತಿನ್ನಲು ಹೋದಳು. ಒಂದು ಊರಿನ ಹೆಸರಿನಿಂದ ಏನು ಮಹಾ ಆಗುತ್ತದೆ ಎಂದುಕೊಂಡಳು. ಹಾಗಂದುಕೊಳ್ಳುವಾಗಲೇ ಒಳಗೆ ಯಾರೋ ಬೇರೆ ಮಾತು ಹೇಳುತ್ತಿದ್ದರು, ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಆಸ್ಗರ್ ಫೋನು ಮಾಡಿದ.

"ಮೈಕೆನ್, ನಿನ್ನ ಕೈಲಿ ಒಂದು ಹಾಡು ಬರೆಸ್ಬೇಕು."

"ಯಾರ ಮದುವೆ?"

"ಮದುವೆಯಲ್ಲ ಕಣೇ, ತಿಥಿ. ಮೇ ಕೊನೇ ಶನಿವಾರ ಪೇಪರ್ ಬಾಗಿಲು ಹಾಕ್ತೀವಿ. ಹೆರಿಂಗ್ ಮೀನು, ಬಿಯರು, ಭಾಷಣ, ಎಲ್ಲಾ ಇದೆ. ಹಾಡಿಲ್ಲದೆ ಹೇಗೆ ಕಳಿಸಿಕೊಡೋದು?"

ಇಂಥ ಹಾಡು ಬರೆಯುವುದರಲ್ಲಿ ಮೈಕೆನ್ ಊರಿಗೇ ಹೆಸರಾದವಳು. ಎಲ್ಲರಿಗೂ ಗೊತ್ತಿರುವ ಧಾಟಿಗೆ ಹೊಸ ಮಾತು ಕೂಡಿಸಿ, ಬೀಳ್ಕೊಡುವವನ ಕಾಲೆಳೆದು, ಕೊನೆಯ ನುಡಿಯಲ್ಲಿ ಕಣ್ಣೀರು ತರಿಸುವುದು ಅವಳ ವರಸೆ.

"ಯಾಕೆ ಮುಚ್ತಿದೀಯ?" ಎಂದಳು. ಕೇಳಬಾರದಿತ್ತು.

"ಓದೋರಿದಾರೆ, ಜಾಹೀರಾತಿನ ಜಾಗ ಕೊಳ್ಳೋರಿಲ್ಲ. ಕಾಗದದ ಪೇಪರ್ ಬಿಟ್ಟು ಇಂಟರ್‌ನೆಟ್ಟಿಗೆ ಬಂದಾಗ ಚೆನ್ನಾಗೇ ಇತ್ತು. ನಮ್ಮ ಬಂದರಿನ ಹರಾಜಿನ ಹಾಗೆ ಹತ್ತು ಜನ ಕೂಗೋರು. ಈ ಆರು ವರ್ಷದಿಂದ ಒಬ್ಬನೂ ಬಾಯಿ ಬಿಡಲ್ಲ. ಬರೋದೆಲ್ಲ ಹೊಟ್ಟೆ ಕರಗಿಸೋ ಪುಡಿ, ಅದೂ ಮೂರು ಕಾಸಿಗೆ. ಬೆಂಕಿ ಆದ್ಮೇಲೆ ನಾನೇ ತುಂಬಾ ಗೋಳು ಬರೆದೆನೇನೋ. ನಗೋ ಸುದ್ದಿ ಬರೀಬೇಕಿತ್ತು. ಸಂಪಾದಕನಿಗೆ ವಯಸ್ಸಾದ್ರೆ ಹೀಗೇ ಆಗೋದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಸ್ಗರ್ ಯಾರನ್ನೂ ಕಳ್ಳ ಎನ್ನಲಿಲ್ಲ, ಪಾಪ, ತನ್ನನ್ನೇ ಬೈದುಕೊಂಡ. ಆದರೂ ಮೈಕೆನ್‌ಳ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಆ ಪತ್ರಿಕೆಯ ಹೆಸರಲ್ಲೇ ಊರಿದೆ. ಪ್ರತಿ ಪುಟದ ತಲೆಯ ಮೇಲೂ ಅದೇ ಹೆಸರು. ಶಾಲೆಯ ನಾಟಕ, ಫುಟ್‌ಬಾಲ್ ಪಂದ್ಯ, ಚಿನ್ನದ ಮದುವೆ, ಯಾವ ಪುಟ ತೆರೆದರೂ ಅವಳ ಯಂತ್ರ ಆ ಹೆಸರು ನೋಡಿ ಬಾಯಿ ಮುಚ್ಚಿಕೊಂಡಿದೆ.

"ಹಾಡು ಬರೀತೀನಿ," ಎಂದು ಹೇಳಿ ಫೋನಿಟ್ಟಳು.

ಮರುದಿನ ಬೆಳಿಗ್ಗೆಯೇ ಮೈಕೆನ್ ಹೋಗಿ ಸಿದ್ಸೆಲ್‌ಳ ಮುಂದೆ ನಿಂತಳು.

"ಲುಂಡೆವಿಗ್ ಪಟ್ಟಿಯಿಂದ ತೆಗೀತಿದೀನಿ."

"ಅದು ಅಲ್ಲಿ ಯಾಕಿದೆ?"

"ನಾನು ಹಾಕಿದ್ದು. ತೆಗೀದೆ ಬಿಟ್ಟಿದ್ದೂ ನಾನೇ."

ಸಿದ್ಸೆಲ್ ಕಾಫಿ ಕೆಳಗಿಟ್ಟಳು. "ಗಿರಾಕಿಗಳಿಗೆ ಏನು ಹೇಳೋಣ?"

"ನಿಜ ಹೇಳೋಣ."

"ಬೆಳಬೆಳಿಗ್ಗೆ ಜೋರಾಗೇ ಶುರು ಮಾಡಿದೀಯಲ್ಲ," ಎಂದಳು ಸಿದ್ಸೆಲ್. ಕೆಟ್ಟವಳಲ್ಲ ಅವಳು. ಕಾಗದಗಳನ್ನು ತಾನೂ ಕುಳಿತು ಬರೆದಳು.

ಎಲ್ಲರ ಒಪ್ಪಿಗೆ ಬಂದ ಮೇಲೆ ಪದ ತೆಗೆಯಲು ಅರ್ಧ ನಿಮಿಷ ಹಿಡಿಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ತಿಳಿಯಿತು. ಇವಳ ಪಟ್ಟಿ ಒಳ್ಳೆಯ ಪಟ್ಟಿ ಎಂದು ಹೆಸರಾಗಿತ್ತು. ಕೆಲಸ ಬಿಟ್ಟು ಹೋದವರು ಅದನ್ನು ಜೊತೆಗೆ ಒಯ್ದಿದ್ದರು, ಬೇರೆ ಕಂಪನಿಯವರು ಕೇಳಿ ಪಡೆದಿದ್ದರು. ಮೈಕೆನ್ ಪರಿಚಯದವರಿಗೆಲ್ಲ ಫೋನು ಮಾಡಿ ಕೇಳಿದಳು. ಇನ್ನೂ ಮೂರು ಕಡೆ ಲುಂಡೆವಿಗ್ ಅವಳು ಒತ್ತಿದ ಹಾಗೇ ಕುಳಿತಿತ್ತು. ಒಂದು ಕಡೆಯಂತೂ "ತಾತ್ಕಾಲಿಕ" ಎಂಬುದೂ ಹಾಗೇ ಇತ್ತು. ಮೇ ತಿಂಗಳು ಕಳೆಯುವುದರೊಳಗೆ ಮೂರು ಕಡೆಯೂ ತೆಗೆಸಿದಳು. ಆಸ್ಗರ್ ಅಷ್ಟರಲ್ಲಿ ಕಚೇರಿಯ ಕಟ್ಟಡ ಮಾರಿಯಾಗಿತ್ತು.

ಹಾಡು ಮಾತ್ರ ಒಂದು ಸಾಲೂ ಬರಲಿಲ್ಲ. ಆಸ್ಗರ್ ಸೇದುವ ಪೈಪಿನ ಬಗ್ಗೆ ಬರೆಯಲು ಕುಳಿತರೆ ಪಟ್ಟಿ ಎದುರು ಬರುತ್ತಿತ್ತು. ಅವನಿಗೆ ಹೇಳಬೇಕು, ಇಲ್ಲವಾದರೆ ತನ್ನ ಬರವಣಿಗೆಯೇ ಪತ್ರಿಕೆಯನ್ನು ಮುಳುಗಿಸಿತು ಎಂದುಕೊಂಡೇ ಅವನು ಸಾಯುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಹೇಳಿದರೆ ಆ ಊರಿನಲ್ಲಿ ತಾನಿನ್ನು ತಲೆಯೆತ್ತುವ ಹಾಗಿಲ್ಲ. ತಾಯಿ ಎರಡು ವರ್ಷದ ಹಿಂದೆ ತೀರಿಕೊಂಡ ಮೇಲೆ ಊರೆಂದರೆ ಅವಳಿಗೆ ಆಸ್ಗರ್, ಇನ್ನು ನಾಲ್ಕಾರು ಮುಖ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಐದು ವಾರ ತಿರುಗಿದಳು.

ಶನಿವಾರ ರೈಲು ಹಿಡಿದು, ಬಸ್ಸು ಹಿಡಿದು ಹೋದಳು. ಪತ್ರಿಕೆಯ ಕಚೇರಿಯ ಮುಂದೆ ಬಾವುಟ ಹಾರುತ್ತಿತ್ತು. ಒಳಗೆ ಮೇಜು ಕುರ್ಚಿ ಸರಿಸಿ ಜಾಗ ಮಾಡುತ್ತಿದ್ದರು. ಆಸ್ಗರ್ ಹಿಂದಿನ ಪುಟ್ಟ ಅಡುಗೆಮನೆಯಲ್ಲಿ ಹೆರಿಂಗ್ ಮೀನಿನ ಜಾಡಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದ.

"ಹಾಡೆಲ್ಲಿ? ಅರವತ್ತು ಪ್ರತಿ ತೆಗೀಬೇಕು. ಪ್ರಿಂಟರ್ ಬೇರೆ ಮುದುಕ, ಕೆಮ್ಮಿ ಕೆಮ್ಮಿ ಒಂದೊಂದೇ ಉಗುಳುತ್ತೆ."

"ಬರೆದಿಲ್ಲ, ಆಸ್ಗರ್."

"ನೀನಾ? ಪಾದ್ರಿಯ ಸತ್ತ ನಾಯಿ ಮೇಲೆ ಹನ್ನೆರಡು ನುಡಿ ಬರೆದವಳು!"

"ಬಾಗಿಲು ಹಾಕ್ತೀಯಾ ಸ್ವಲ್ಪ."

ಅವನು ಬಾಗಿಲು ಹಾಕಿದ. ಮೈಕೆನ್ ನಿಂತೇ ಎಲ್ಲ ಹೇಳಿದಳು. ಇದ್ದಿಲಿನ ಫೋನು, ಶುಕ್ರವಾರ, ರಜೆ. ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು, ಮರೆವು ಎಂದು ತಿಪ್ಪೆ ಸಾರಿಸಬಹುದಿತ್ತು. ನಿಲ್ಲಿಸಲಿಲ್ಲ. ಮೂರು ವರ್ಷದ ಮೇಲೆ ನೋಡಿದ್ದನ್ನೂ, ನೋಡಿ ಬನ್ನು ತಿನ್ನಲು ಹೋದದ್ದನ್ನೂ ಹೇಳಿದಳು.

"ನಿನ್ನ ಪೇಪರ್ ಮುಳುಗಿಸಿದ್ದು ನಿನ್ನ ಗೋಳಲ್ಲ. ನಾನು."

ಆಸ್ಗರ್ ಜಾಡಿಯನ್ನು ಕೆಳಗಿಟ್ಟ.

"ಪೂರ್ತಿ ನೀನೇ ಅಂತ ಜಂಬ ಪಡ್ಬೇಡ," ಎಂದ. "ಊರಲ್ಲಿ ಅಂಗಡಿ ಮುಚ್ಚಿದ್ವು, ಹುಡುಗರು ಪೇಪರ್ ಓದೋದು ಬಿಟ್ಟರು. ಅದೂ ಇತ್ತು." ಆಮೇಲೆ ಕೇಳಿದ, "ಆ ಪದ ತೆಗೆಯೋಕೆ ಎಷ್ಟು ಹೊತ್ತು ಬೇಕಾಯ್ತು?"

"ಅರ್ಧ ನಿಮಿಷ."

ಅವನ ಮುಖ ಕೆಂಪಾಯಿತು. ಒಂದು ಮಾತು ಬೈದಿದ್ದರೂ ಮೈಕೆನ್‌ಗೆ ಸಮಾಧಾನವಾಗುತ್ತಿತ್ತು. ಅವನು ಒದ್ದೆ ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಬೆರಳು ಬೆರಳೂ ಒರೆಸಿಕೊಂಡ.

"ಮೂರು ವರ್ಷದ ಹಿಂದೆ ಅಂದೆ ಅಲ್ವಾ? ಆ ಬೇಸಿಗೆಯಲ್ಲೇ ನಾನು ಹೆಸರಿನ ಪುಟ ನಿಲ್ಲಿಸಿದ್ದು."

"ಯಾವ ಪುಟ?"

"ಪ್ರತಿ ಜುಲೈ ಹನ್ನೊಂದು ಹೆಸರು, ಹನ್ನೊಂದು ಫೋಟೋ ಹಾಕ್ತಿದ್ದೆ. ಆ ಪುಟದ ಚೌಕ ಯಾವಾಗಲೂ ಖಾಲಿ. ಪುಡಿ ಮಾರೋನೂ ಬರ್ತಿರ್ಲಿಲ್ಲ. ಅದನ್ನ ಸಿದ್ಧ ಮಾಡೋಕೆ ಒಬ್ಬ ಹುಡುಗಿ ಇದ್ದಳು, ಅವಳನ್ನೂ ಮನೆಗೆ ಕಳಿಸ್ಬೇಕಾಯ್ತು. ನಿಲ್ಲಿಸಿದೆ. ಬೊಡಿಲ್ ಬಂದು ಕೇಳಿದಳು, ಈ ಸಲ ಎಸ್ಕಿಲ್ ಫೋಟೋ ಯಾಕಿಲ್ಲ ಅಂತ. ಸತ್ತ ಮಗನ ಪಕ್ಕ ಜಾಹೀರಾತು ಬರಲಿ ಅಂತ ಕಾಯ್ತಿದ್ದೆ, ಬರ್ಲಿಲ್ಲ ಅಂತ ತಾಯಿಗೆ ಹೇಳೋದಾ? ನಾಚಿಕೆ ಆಯ್ತು. ಜನಕ್ಕೆ ಸಾಕಾಗಿದೆ ಬೊಡಿಲ್, ಯಾರೂ ಆ ಪುಟ ನೋಡಲ್ಲ ಅಂದೆ. ಸುಳ್ಳು. ಕೊನೇ ವರ್ಷ ಆರು ಸಾವಿರ ಜನ ಓದಿದ್ರು ಅದನ್ನ, ಊರಿನ ಜನಸಂಖ್ಯೆಗಿಂತ ಹೆಚ್ಚು."

ಹೊರಗೆ ಯಾರೋ ಬಿಯರ್ ಪೆಟ್ಟಿಗೆ ಇಳಿಸಿದ ಸದ್ದಾಯಿತು.

"ನನಗೆ ಹೇಳಿದೆ, ಆಯ್ತು," ಎಂದ ಆಸ್ಗರ್. "ನಾನು ಹೇಗೋ ಇರ್ತೀನಿ. ಬೊಡಿಲ್ ಹತ್ರ ಹೋಗು. ನಿನ್ನ ಪಾಲಿನದು ನೀನು ಹೇಳು. ನಾನು ಹಿಂದೇನೇ ಬಂದು ನನ್ನದು ಹೇಳ್ತೀನಿ."

"ಬಂದಿದಾಳಾ ಇಲ್ಲಿಗೆ?"

"ಅವಳು ಮೂರು ವರ್ಷದಿಂದ ಎಲ್ಲಿಗೂ ಬರಲ್ಲ."

ಬೊಡಿಲ್‌ಳ ಮನೆ ಎರಡು ಬೀದಿ ಆಚೆ, ಮೈಕೆನ್‌ಳ ತಾಯಿಯ ಮನೆಯ ಗೋಡೆಗೆ ಅಂಟಿಕೊಂಡೇ ಇತ್ತು. ತಾಯಿಯ ಮನೆಗೆ ಈಗ ಬೇರೆ ಪರದೆಗಳು ಬಂದಿದ್ದವು. ಬೊಡಿಲ್ ಬಾಗಿಲು ತೆರೆದು ಒಂದು ಕ್ಷಣ ನೋಡಿದಳು. ಬಿಳಿಚಿಕೊಂಡು ಸೊರಗಿದ್ದಳು.

"ಓ, ಮೈಕೆನ್. ಪಾರ್ಟಿಗೆ ಕರೆಯೋಕೆ ಬಂದಿದ್ರೆ ನಾನು ಬರಲ್ಲ."

"ಅದಕ್ಕಲ್ಲ. ಒಳಗೆ ಬರ್ಲಾ?"

ಕಾಫಿ ಬಂತು. ಈ ಜನ ಹೊಡೆದಾಡುವ ಮುಂಚೆಯೂ ಕಾಫಿ ಕೊಡುತ್ತಾರೆ. ಮೈಕೆನ್ ಇನ್ನೊಮ್ಮೆ ಮೊದಲಿಂದ ಹೇಳಿದಳು. ಹರಾಜು, ಯಂತ್ರ ಎಲ್ಲ ಬೊಡಿಲ್‌ಗೆ ಎಷ್ಟು ತಿಳಿಯಿತೋ. ಅವಳು ಮಧ್ಯೆ ಒಂದೇ ಸಲ ಬಾಯಿ ಹಾಕಿದಳು.

"ನೀನು ಊರಿನ ಹೆಸರು ಹಾಕಿದ ಆ ಶುಕ್ರವಾರ, ಅವನನ್ನ ಇನ್ನೂ ಮಣ್ಣು ಮಾಡಿರ್ಲಿಲ್ಲ."

"ಇಲ್ಲ."

"ಆಮೇಲೆ ಬಂದು ನನ್ನ ತಬ್ಬಿಕೊಂಡೆ."

"ಹೌದು."

ಬೊಡಿಲ್ ತಲೆಯಾಡಿಸಿದಳು, ಮುಂದೆ ಹೇಳು ಎಂಬಂತೆ. ಮೈಕೆನ್ ಮುಂದೆ ಹೇಳಿದಳು. ಪುಟ ನಿಂತದ್ದು ಜಾಹೀರಾತು ಬರದೆ. ಓದುವವರು ಕಡಿಮೆಯಾಗಿ ಅಲ್ಲ. ಆಸ್ಗರ್ ಹೇಳಿದ್ದು ಸುಳ್ಳು, ಅದನ್ನು ಅವನೇ ಬಂದು ಹೇಳುತ್ತಾನೆ.

"ಹಾಗಾದ್ರೆ ಜನಕ್ಕೆ ಸಾಕಾಗಿರ್ಲಿಲ್ಲ?"

"ಇಲ್ಲ ಬೊಡಿಲ್. ಕೊನೇ ವರ್ಷ ಆರು ಸಾವಿರ ಜನ ಆ ಪುಟ ಓದಿದಾರೆ. ನಮ್ಮೂರಲ್ಲಿ ಅಷ್ಟು ಜನಾನೇ ಇಲ್ಲ. ಊರು ಬಿಟ್ಟು ಹೋದವರೆಲ್ಲ ಹುಡುಕಿಕೊಂಡು ಬಂದು ಓದಿದಾರೆ."

ಬೊಡಿಲ್ ಎದ್ದು ಕಿಟಕಿಯ ಹತ್ತಿರ ಹೋದಳು. ಪಕ್ಕದ ಮನೆಯ ಕಡೆಗಿರುವ ಕಿಟಕಿ. ಬೈಯುತ್ತಾಳೆ ಎಂದು ಮೈಕೆನ್ ಕಾದಳು. ಬೈಸಿಕೊಳ್ಳಲೆಂದೇ ಬಂದಿದ್ದಳು.

"ನಾನು ಎಲ್ಲರ ಹತ್ರಾನೂ ಮಾತು ಬಿಟ್ಟೆ," ಎಂದಳು ಬೊಡಿಲ್, ಬೆನ್ನು ತಿರುಗಿಸಿಕೊಂಡೇ. "ಬೇಕರಿಯವಳ ಹತ್ರ, ತಂಗಿ ಹತ್ರ. ಎದುರಿಗೆ ಸಿಕ್ಕಾಗ ಅಯ್ಯೋ ಅಂತೀರಿ, ಮನೆಗೆ ಹೋಗಿ ಅವನ ಪುಟ ತೆರೆಯೋಕೂ ನಿಮಗೆ ಬೇಜಾರು ಅಂದ್ಕೊಂಡೆ. ನಿನ್ನ ಅಮ್ಮನೂ ಅವರ ಜೊತೆ ಸೇರಿದವಳೇ ಅಂದ್ಕೊಂಡೆ. ಆಸ್ಪತ್ರೆಯಿಂದ ಎರಡು ಸಲ ಫೋನ್ ಮಾಡಿಸಿದ್ಲು ಅವಳು. ಬಂದು ಹೋಗು ಅಂತ."

ಮೈಕೆನ್‌ಗೆ ಈ ಸಂಗತಿ ಗೊತ್ತಿರಲಿಲ್ಲ. ಕೊನೆಯ ವಾರ ತಾಯಿ ಬಾಗಿಲ ಕಡೆ ನೋಡುತ್ತಾ ಮಲಗಿದ್ದದ್ದು ತನಗಾಗಿ ಎಂದೇ ಅವಳು ತಿಳಿದಿದ್ದಳು.

"ನಾನು ಹೋಗಲಿಲ್ಲ," ಎಂದಳು ಬೊಡಿಲ್. "ಅವಳ ಮಣ್ಣಿಗೂ ಬರಲಿಲ್ಲ."